ಮಾತಿಲ್ಲದ ಸಂಗೀತ, ಮಗ್ಗದ ಕೇರಿ

ಮಾತಿಲ್ಲದ ಸಂಗೀತ ಕೇಳುವಾಗ ನಮ್ಮಲ್ಲಿ ಅನೇಕರು ಹಾಡು ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಿರುತ್ತಾರೆ. ಗಿಟಾರು, ಡ್ರಮ್ಸು, ಟೇಪಿನ ಕೈಚಳಕ ಸೇರಿದ ಎಲೆಕ್ಟ್ರಾನಿಕ್ ರಾಕ್ ಆದರಂತೂ 'ಒಂದೇ ಸಮನೆ ಬಡಿಯುತ್ತದೆ, ಇನ್ನೇನಿದೆ ಇದರಲ್ಲಿ?' ಎನ್ನುತ್ತಾರೆ. ನನಗೆ ಬೇಕಾದದ್ದು ಆ ಒಂದೇ ಸಮನೆಯ ಬಡಿತವೇ. ಅದರ ರುಚಿ ಹತ್ತಲು ಜರ್ಮನಿಯವರೆಗೂ ಹೋಗಬೇಕಿಲ್ಲ. ಸೇಲಂನ ಮಗ್ಗದ ಕೇರಿ, ಧರ್ಮಪುರಿಯ ಹೆದ್ದಾರಿ ಸಾಕು.

ಆದರೂ ಜರ್ಮನಿಯಿಂದಲೇ ಹೊರಡೋಣ. ಡ್ಯೂಸೆಲ್ಡಾರ್ಫ್‌ನ ಕ್ಲೌಸ್ ಡಿಂಗರ್ ಮತ್ತು ಮಿಖಾಯೆಲ್ ರೋಟರ್ ಕ್ರಾಫ್ಟ್‌ವರ್ಕ್ ತಂಡ ಬಿಟ್ಟು 1971ರಲ್ಲಿ 'ನೋಯ್' ಎಂಬ ತಂಡ ಕಟ್ಟಿದರು. ಕೊನಿ ಪ್ಲಾಂಕ್ ಎಂಬ ಧ್ವನಿ ತಂತ್ರಜ್ಞನ ಜೊತೆ ಕೂತು, ಅದೇ ವರ್ಷದ ಕೊನೆಗೆ, ಕೆಲವೇ ರಾತ್ರಿಗಳಲ್ಲಿ ಮೊದಲ ಆಲ್ಬಮ್ ಮುದ್ರಿಸಿದರು. 1972ರಲ್ಲಿ ಹೊರಬಂದ ಆ ಆಲ್ಬಮ್‌ನಲ್ಲಿ ಬಹುಪಾಲು ಮಾತೇ ಇಲ್ಲ. ಮೊದಲ ತುಣುಕು 'ಹಲೊಗಾಲೊ' ಹತ್ತು ನಿಮಿಷದ್ದು. ಡಿಂಗರ್‌ನ ಡ್ರಮ್ಸ್ ಹಿಡಿದ ನಡೆಯನ್ನು ಕೊನೆವರೆಗೂ ಬಿಡುವುದಿಲ್ಲ. ಏರಿಲ್ಲ, ಮುಕ್ತಾಯವಿಲ್ಲ, ತಿಹಾಯಿಯಂಥ ಚಮತ್ಕಾರವೂ ಇಲ್ಲ. ಅದರ ಮೇಲೆ ರೋಟರ್‌ನ ಗಿಟಾರುಗಳು ಒಂದೊಂದೇ ಎಳೆಯಾಗಿ ಬಂದು ಸೇರುತ್ತವೆ. ಕೆಲವನ್ನು ಟೇಪ್ ತಿರುಗಿಸಿ ಹಿಮ್ಮುಖವಾಗಿ ಕೇಳಿಸಿದ್ದಾರೆ. ಈ ನಡೆಗೆ ಆಮೇಲೆ ವಿಮರ್ಶಕರು 'ಮೋಟಾರಿಕ್' ಎಂದು ಹೆಸರಿಟ್ಟರು.

ಇದು ತಣ್ಣನೆಯ ಯಂತ್ರಸಂಗೀತ ಎನ್ನುವವರ ಮಾತು ನಾನು ಒಪ್ಪಲಾರೆ. ನೆಲ ಅಲುಗಾಡದಿದ್ದಾಗ ಮಾತ್ರ ಅದರ ಮೇಲಿನ ಇರುವೆಯ ಚಲನೆ ಕಾಣುತ್ತದೆ. ತಾಳ ಕದಲದಿರುವುದರಿಂದಲೇ ಗಿಟಾರಿನ ಒಂದು ಸ್ವರ ತುಸು ಜಾರಿದರೂ ಕಿವಿ ಚುರುಕಾಗುತ್ತದೆ. ಕೇಳುವವರ ಮನಸ್ಸು ಹಗುರಾಗುತ್ತದೆ, ಆದರೆ ಮಂಪರು ಬರುವುದಿಲ್ಲ. ಅದೇ ಆಲ್ಬಮ್‌ನ 'ಇಮ್ ಗ್ಲೂಕ್' ದೋಣಿಯ ಹುಟ್ಟು ನೀರು ಸೀಳುವ ಸದ್ದಿನಿಂದ ಆರಂಭವಾಗುತ್ತದೆ. ಹೊಗೇನಕಲ್‌ನಲ್ಲಿ ಹರಿಗೋಲು ಹತ್ತಿದವರಿಗೆ ಆ ಸದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 'ನೆಗಟಿವ್‌ಲಾಂಡ್' ರಸ್ತೆ ಅಗೆಯುವ ಯಂತ್ರದ ಅಬ್ಬರದಿಂದ ಶುರುವಾಗುತ್ತದೆ. ನೀರು ಮತ್ತು ಕಬ್ಬಿಣ ಎರಡಕ್ಕೂ ಒಂದೇ ಆಲ್ಬಮ್‌ನಲ್ಲಿ ಜಾಗ ಕೊಟ್ಟ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ.

ರೋಟರ್ ಬಾಲ್ಯದ ಕೆಲವು ವರ್ಷಗಳನ್ನು ಕರಾಚಿಯಲ್ಲಿ ಕಳೆದವನು. ಎಲ್ಲೂ ನಿಲ್ಲದೆ ಸಾಗುವ ಅಲ್ಲಿನ ಸಂಗೀತ ತನ್ನನ್ನು ಸೆಳೆದಿತ್ತೆಂದು ಅವನೇ ಹೇಳಿಕೊಂಡಿದ್ದಾನೆ. ಹಾಗಾಗಿ ಈ ಸಂಗೀತದಲ್ಲಿ ನಮಗೆ ತಂಬೂರಿಯ ನೆನಪು ಬಂದರೆ ಅದು ಬರೀ ಭ್ರಮೆಯಲ್ಲ. ತಂಬೂರಿಯನ್ನು ವಿದ್ಯುತ್ತಿಗೆ ಒಗ್ಗಿಸಿದ್ದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ 1970ರ ದಶಕದ ಕೊನೆಯಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗಳನ್ನು ಮಾಡುತ್ತ ಬಂದಿದೆ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಸರ್ ಮತ್ತು ಡ್ರಮ್ ಯಂತ್ರದ ಮೇಲೆ ನುಡಿಸಿ ಒಂದು ರೆಕಾರ್ಡ್ ತಂದರು. ಅದನ್ನು ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು.

ಇನ್ನು ಮಗ್ಗಕ್ಕೆ ಬರೋಣ. ಸೇಲಂನ ಗುಗೈ, ಅಮ್ಮಾಪೇಟೆ, ಊರಾಚೆಯ ಇಳಂಪಿಳ್ಳೈ ಇವೆಲ್ಲ ನೇಕಾರರ ನೆಲೆಗಳು. ಸೇಲಂ ಸೀಮೆಯ ದೇವಾಂಗರಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಬಹಳ. ಬೀದಿಗಿಳಿದರೆ ತಮಿಳು. ಚೌಡೇಶ್ವರಿ ಇವರ ಕುಲದೇವತೆ. ಕೈಮಗ್ಗದ ಲಯ ನೇಯುವವನ ಉಸಿರಿಗೆ ಕಟ್ಟುಬಿದ್ದದ್ದು: ಕಾಲು ತುಳಿಯುತ್ತದೆ, ಲಾಳಿ ಓಡುತ್ತದೆ, ಅಚ್ಚು ಬಡಿಯುತ್ತದೆ. ಎಳೆ ಕಡಿದರೆ ಲಯ ನಿಲ್ಲುತ್ತದೆ, ಗಂಟು ಹಾಕಿದ ಮೇಲೆ ಮತ್ತೆ ಹೊರಡುತ್ತದೆ. ಪವರ್‌ಲೂಮ್ ಹಾಗಲ್ಲ. ಅದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಲಾಳಿ ಎಸೆಯುತ್ತದೆ. ಒಂದೇ ಸೂರಿನಡಿ ಹಲವು ಮಗ್ಗಗಳು ಓಡುವಾಗ ಎರಡರ ವೇಗ ಪೂರ್ತಿ ಒಂದೇ ಆಗಿರುವುದು ಅಪರೂಪ. ಹಾಗಾಗಿ ಬಡಿತಗಳು ಕ್ಷಣಕಾಲ ಕೂಡುತ್ತವೆ, ಮೆಲ್ಲಗೆ ಬೇರೆಯಾಗುತ್ತವೆ, ಮತ್ತೆ ಬಂದು ಕೂಡುತ್ತವೆ. 1965ರಲ್ಲಿ ಅಮೆರಿಕದ ಸ್ಟೀವ್ ರೈಕ್ ಎರಡು ಟೇಪ್ ಯಂತ್ರಗಳ ಇಂಥದೇ ಜಾರುವಿಕೆಯನ್ನು ಗಮನಿಸಿ ಹೊಸದೊಂದು ಸಂಗೀತ ಪದ್ಧತಿಯನ್ನೇ ಕಟ್ಟಿದ. ನೇಕಾರರ ಕೇರಿಯಲ್ಲಿ ಅದು ದಿನನಿತ್ಯದ ಸದ್ದು.

ಧರ್ಮಪುರಿಯಿಂದ ಸೇಲಂಗೆ ಇಳಿಯುವ ತೊಪ್ಪೂರು ಘಾಟಿಯಲ್ಲೂ ಇಂಥದೊಂದು ಸಂಗೀತವಿದೆ. ಭಾರ ಹೊತ್ತ ಲಾರಿಗಳು ಕೆಳಗಿನ ಗೇರಿನಲ್ಲಿ ಇಳಿಯುವಾಗ ಎಂಜಿನ್ ಒಂದೇ ಸ್ಥಾಯಿಯಲ್ಲಿ ಗುನುಗುತ್ತದೆ. ಅಲ್ಲಿ ಆಗಾಗ ಅಪಘಾತಗಳಾಗುತ್ತವೆ. ಆದ್ದರಿಂದ ಆ ಗುನುಗಿನಲ್ಲಿ ಭಯದ ಎಳೆಯೂ ಇದೆ.

ಭಯದ ಮಾತು ಬಂದದ್ದಕ್ಕೆ ಇದನ್ನೂ ಹೇಳಲೇಬೇಕು. ಪವರ್‌ಲೂಮ್ ಶೆಡ್ಡಿನಲ್ಲಿ ಪಾಳಿಯುದ್ದಕ್ಕೂ ನಿಲ್ಲುವವರಿಗೆ ಅದು ಸಂಗೀತವಲ್ಲ. ವರ್ಷಗಟ್ಟಲೆ ಆ ಸದ್ದಿನಲ್ಲಿದ್ದವರ ಕಿವಿ ಮಂದವಾಗುತ್ತದೆ. ಕಿವಿಗೆ ರಕ್ಷಣೆ ಕೊಡುವುದು ಮಾಲೀಕರ ಕರ್ತವ್ಯ. ಕೇಳುಗ ಹತ್ತು ನಿಮಿಷದ ಮೇಲೆ ರೆಕಾರ್ಡ್ ನಿಲ್ಲಿಸಬಲ್ಲ. ದುಡಿಯುವವರಿಗೆ ಆ ಅನುಕೂಲವಿಲ್ಲ. ಈ ವ್ಯತ್ಯಾಸ ಮರೆತು ಮಗ್ಗದ ಲಯವನ್ನು ಹೊಗಳಿದರೆ ಅದು ಅನ್ಯಾಯ.

ಹಾಗೆಂದು ಆ ಲಯ ದಾಖಲಾಗದೆ ಹೋಗುವುದೂ ಸರಿಯಲ್ಲ. ಕೈಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಇಂದು ಸಿಂಥಸೈಸರ್ ಮೊಬೈಲಿನಲ್ಲೇ ಸಿಗುತ್ತದೆ, ಧ್ವನಿಮುದ್ರಣವೂ ಅದರಲ್ಲೇ ಆಗುತ್ತದೆ. ಸೇಲಂ, ಧರ್ಮಪುರಿ, ಹೊಸೂರಿನ ಕನ್ನಡ ಮನೆಗಳ ಹುಡುಗ ಹುಡುಗಿಯರು ಅಜ್ಜ ಅಜ್ಜಿಯರ ಮಗ್ಗದ ಸದ್ದನ್ನು ಒಪ್ಪಿಗೆ ಕೇಳಿ ಮುದ್ರಿಸಿಕೊಳ್ಳಲಿ. ಯಾವ ಮಗ್ಗ, ಯಾವ ಕೇರಿ, ಯಾವ ಬಟ್ಟೆ ಎಂದು ಬರೆದಿಡಲಿ. ಅದರ ಮೇಲೆ ಗಿಟಾರು ನುಡಿಸಬೇಕೆನಿಸಿದರೆ ನುಡಿಸಲಿ. ಈ ಕೆಲಸಕ್ಕೆ ಯಾವ ಸ್ಟುಡಿಯೋವೂ ಬೇಡ, ಈ ವಾರವೇ ಶುರುಮಾಡಬಹುದು.