ತಾಮ್ರಕ್ಕೆ ಲೆಕ್ಕ, ದುಡಿದವನಿಗೆ?

ಅಹಮದಾಬಾದಿನ ಒಂದು ಹೋಟೆಲಿನಲ್ಲಿ ನಾವು ಪಾತ್ರೆ ತಿಕ್ಕುತ್ತಿದ್ದಾಗ, ಅಲ್ಲಿಯ ಪ್ರತಿಯೊಂದು ತಾಮ್ರದ ಹಂಡೆಗೂ ನಂಬರು ಇತ್ತು. ಅದರ ತೂಕ ಮಾಲೀಕರ ಪುಸ್ತಕದಲ್ಲಿತ್ತು. ಅದೇ ಪುಸ್ತಕದಲ್ಲಿ ನಮ್ಮ ಹೆಸರು ಮಾತ್ರ ಇರಲಿಲ್ಲ. ಬಾಕಿ ಸಂಬಳ ಕೇಳಹೋದಾಗ, ನೀನು ಇಲ್ಲಿ ದುಡಿದುದಕ್ಕೆ ಏನು ಗುರುತು ಎಂದರು.

ಈಚೆಗೆ ರಜೆಯ ದಿನ ಮಿತ್ರರೊಡನೆ ಲೋಥಲ್ ನೋಡಲು ಹೋದಾಗ ಆ ಮಾತು ನೆನಪಾಯಿತು. ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರು. ನಾಲ್ಕು ಸಾವಿರ ವರ್ಷಕ್ಕೂ ಹಳೆಯದಾದ ಈ ಊರನ್ನು 1955ರಿಂದ 1960ರವರೆಗೆ ಅಗೆಸಿ ಬೆಳಕಿಗೆ ತಂದವರು ನಮ್ಮ ಕನ್ನಡಿಗರೇ, ಶಿಕಾರಿಪುರ ರಂಗನಾಥ ರಾಯರು. ಮೈಸೂರಿನಲ್ಲಿ ಓದಿದವರು, ಬರೋಡಾ ಸಂಸ್ಥಾನದಲ್ಲಿಯೂ ದುಡಿದವರು. ಅಲ್ಲಿ ಅವರಿಗೆ ಕಂಚುಗಾರರ ಕುಲುಮೆ ದೊರೆಯಿತು. ತಪ್ಪದ ಅಳತೆಯ ತೂಕದ ಕಲ್ಲುಗಳು, ಸರಕಿನ ಮೂಟೆಗೆ ಒತ್ತಿದ ಮಣ್ಣಿನ ಮುದ್ರೆಗಳು ದೊರೆತುವು. ಆ ಸುತ್ತಿನಲ್ಲಿ ತಾಮ್ರದ ಗಣಿಯಿಲ್ಲ. ಲೋಹ ಹೊರಗಿನಿಂದ ಬರಬೇಕಿತ್ತು. ಅದನ್ನು ಯಾರ ಅಧಿಕಾರದಲ್ಲಿ ತೂಗಿ ಕೊಟ್ಟರು? ಆ ಲಿಪಿಯನ್ನು ಇನ್ನೂ ಓದಲಾಗಿಲ್ಲ. ಒಡೆಯನ ಹೆಸರೂ ಇಲ್ಲ, ಕುಲುಮೆಯವನ ಹೆಸರೂ ಇಲ್ಲ.

ಒಡೆಯನು ಸ್ಪಷ್ಟವಾಗಿ ಕಾಣಿಸುವುದು ಅದಕ್ಕೆ ಬಹುಕಾಲದ ನಂತರದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಅದರ ಓಲೆಪ್ರತಿ ದೊರೆತದ್ದು ಮೈಸೂರಿನಲ್ಲಿ. 1909ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ಪ್ರಕಾರ ಗಣಿಯೆಲ್ಲ ರಾಜನ ಸ್ವತ್ತು. ಗಣಿಗೆ ಆಕರಾಧ್ಯಕ್ಷ, ತಾಮ್ರ ಸೀಸ ತವರದ ಕೆಲಸಕ್ಕೆ ಲೋಹಾಧ್ಯಕ್ಷ, ನಾಣ್ಯಕ್ಕೆ ಲಕ್ಷಣಾಧ್ಯಕ್ಷ. ಬೆಳ್ಳಿಯ ಪಣದಲ್ಲಿಯೂ ತಾಮ್ರ ಬೆರೆಸುತ್ತಿದ್ದರು. ಚಿಲ್ಲರೆ ಕಾಸು ತಾಮ್ರದ್ದೇ. ಹೆಚ್ಚು ಖರ್ಚಿನ ಗಣಿಯನ್ನು ಪಾಲಿಗೋ ಗುತ್ತಿಗೆಗೋ ಕೊಡುವುದು, ಸುಲಭದ ಗಣಿಯನ್ನು ಸರಕಾರವೇ ನಡೆಸುವುದು. ಗಣಿಯ ಮಾಲು ಕದ್ದವನಿಗೆ ಎಂಟು ಪಟ್ಟು ದಂಡ. ಅಪ್ಪಣೆಯಿಲ್ಲದೆ ಅಗೆದವನನ್ನು ಕಟ್ಟಿಹಾಕಿ ದುಡಿಸುವುದು!

ಹಾಗಾದರೆ ಒಡೆತನ ಸರಕಾರದ ಕೈಗೆ ಬಂದ ಮಾತ್ರಕ್ಕೆ ದುಡಿಯುವವನು ಉದ್ಧಾರವಾಗುವುದಿಲ್ಲ. ಸಾಹುಕಾರನಿರಲಿ, ಸರಕಾರವಿರಲಿ, ಮೊದಲು ಬರೆದಿಡುವುದು ತನ್ನ ಮಾಲಿನ ಲೆಕ್ಕವನ್ನೇ.

ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಕೂಲಿ ಕೊಡದ ಒಡೆಯನಿಗೆ ದಂಡ ಹೇಳಿದೆ. ಸಂಘ ಕಟ್ಟಿ ದುಡಿಯುವವರು ಕೂಲಿಯನ್ನು ಒಪ್ಪಿಕೊಂಡಂತೆ ಅಥವಾ ಸಮನಾಗಿ ಹಂಚಿಕೊಳ್ಳಬೇಕೆಂದು ಹೇಳಿದೆ. ಸಂಘವೆಂಬುದು ನಿನ್ನೆ ಮೊನ್ನೆ ಯಾರೋ ಕಲಿಸಿದ ಹೊಸ ಪಾಠವೆನ್ನುವವರಿಗೆ ಇದೇ ಉತ್ತರ. ರಾಜನ ಕಾಲದಲ್ಲಿಯೂ ಸಂಘವಿತ್ತು.

ಬಂಧುಗಳೇ, ವಡೋದರದ ಹೋಟೆಲಾಗಲಿ, ಸೂರತ್ತಿನ ಮಿಲ್ಲಾಗಲಿ, ಹಾಜರಿಯ ಚೀಟಿ, ಸಂಬಳದ ಚೀಟಿ ಕೇಳಿ ಪಡೆಯಿರಿ. ಕೊಡದಿದ್ದರೆ ದಿನದಿನದ ಕೆಲಸವನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ, ಜೊತೆಯವರ ಸಹಿ ಹಾಕಿಸಿ, ಸಂಘಕ್ಕೆ ತೋರಿಸಿ. ಬರೆಯಲು ಬಾರದವರಿಗೆ ಬರುವವರು ಬರೆದುಕೊಡಿ. ಲೋಥಲಿನ ಕುಲುಮೆಯವನ ಹೆಸರನ್ನು ಇನ್ನು ಯಾರೂ ತಿಳಿಯಲಾರರು. ನಮ್ಮ ಹೆಸರಾದರೂ ಲೆಕ್ಕದಲ್ಲಿರಲಿ.