ಬಾನುಲಿಗೊಬ್ಬ ನೀರುಗಂಟಿ

ಬಾನುಲಿಯ ವಿಷಯದಲ್ಲಿ ನಮ್ಮ ಜನರ ಮನಸ್ಸಿನಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಆಕಾಶಕ್ಕೆ ಗಡಿಯಿಲ್ಲ, ಆಕಾಶದಲ್ಲಿ ಹಬ್ಬುವ ಧ್ವನಿಗೂ ಗಡಿಯಿಲ್ಲ, ಕೇಂದ್ರದಿಂದ ಹೊರಟ ಮಾತು ಮಳೆಯಂತೆ ಎಲ್ಲರ ಮೇಲೂ ಸಮನಾಗಿ ಸುರಿಯುತ್ತದೆ ಎಂಬುದೇ ಆ ನಂಬಿಕೆ. ‘ಆಕಾಶವಾಣಿ’ ಎಂಬ ಸುಂದರವಾದ ಹೆಸರೂ ಈ ಭಾವನೆಯನ್ನು ಪೋಷಿಸಿರಬಹುದು. ಆದರೆ ಹೋಲಿಕೆ ಬೇಕೇ ಬೇಕೆಂದಾದರೆ, ಬಾನುಲಿಯನ್ನು ಮಳೆಗೆ ಹೋಲಿಸುವುದಕ್ಕಿಂತ ಕೆರೆಯ ನೀರಿಗೆ ಹೋಲಿಸುವುದು ಮೇಲು. ಕೆರೆಯ ನೀರಿಗೆ ಅಳತೆಯುಂಟು. ತೂಬನ್ನು ಯಾರಾದರೊಬ್ಬರು ಎತ್ತಬೇಕು. ಕಾಲುವೆಯನ್ನು ಯಾರಾದರೊಬ್ಬರು ತಿರುಗಿಸಬೇಕು. ಎಡದ ಗದ್ದೆಗೆ ಹೆಚ್ಚು ಹರಿದ ದಿನ ಬಲದ ಗದ್ದೆಗೆ ಕಡಿಮೆ. ಹಿಂದಿನವರು ಇದನ್ನು ಬಲ್ಲವರಾದುದರಿಂದಲೇ ಊರಿಗೊಬ್ಬ ನೀರುಗಂಟಿಯನ್ನಿಟ್ಟು, ಯಾರ ಪಾಲು ಎಷ್ಟೆಂಬುದನ್ನು ಊರಿಗೆಲ್ಲ ತಿಳಿದಿರುವಂತೆ ನೋಡಿಕೊಂಡರು.

ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟದ ರಸ್ತೆಯಲ್ಲಿರುವ ಗೊಟ್ಟಿಗೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಊರು ಇಂದು ನಗರದಲ್ಲಿ ಸೇರಿಹೋಗಿದೆ. ರಸ್ತೆಯ ಮೇಲೆ ಮೆಟ್ರೋ ಸೇತುವೆ ಎದ್ದಿದೆ. ಹೊಲಗಳಿದ್ದ ಕಡೆ ಬಡಾವಣೆಗಳಾಗಿವೆ. ಆದರೂ ನಮ್ಮ ವಿಷಯಕ್ಕೆ ಈ ಊರಿನ ನೆಲೆ ಗಮನಾರ್ಹವಾದದ್ದು. ಇಲ್ಲಿಂದ ದಕ್ಷಿಣಕ್ಕೆ ನಡೆದರೆ ಬನ್ನೇರುಘಟ್ಟದ ಕಾಡು, ಆನೇಕಲ್ಲಿನ ಸೀಮೆ. ಅದನ್ನು ದಾಟಿದರೆ ತಮಿಳುನಾಡಿಗೆ ಸೇರಿದ ತಳಿ, ದೇಂಕಣಿಕೋಟೆ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಬೆಂಗಳೂರು ಕೇಂದ್ರದ ಮಧ್ಯಮ ತರಂಗ ಗೊಟ್ಟಿಗೆರೆಯನ್ನು ದಾಟಿ ಆ ಮನೆಗಳತ್ತ ಸಾಗುತ್ತದೆ. ಅದು ಎಷ್ಟು ದೂರ ಸಾಗಬೇಕು, ಎಲ್ಲಿ ಕ್ಷೀಣಿಸಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಯನ್ನು ಕೇವಲ ಇಂಜಿನಿಯರುಗಳದೆಂದು ಬಿಟ್ಟುಬಿಡಬಾರದೆಂಬುದೇ ಈ ಲೇಖನದ ಆಶಯ.

ಮೊದಲು ಶಕ್ತಿಯ ಮಾತು. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದಾಗ ಅವರ ಯಂತ್ರದ ಶಕ್ತಿ ಕೇವಲ 30 ವಾಟ್. ಇಂದು ಮನೆಯಲ್ಲಿ ಉರಿಯುವ ಒಂದು ದೀಪದಷ್ಟು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಆ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಬಂದಿತು. ಕಾಲಕ್ರಮದಲ್ಲಿ 612 ಕಿಲೋಹರ್ಟ್ಸ್‌ನಲ್ಲಿ 200 ಕಿಲೋವಾಟ್ ಶಕ್ತಿಯ ಕೇಂದ್ರವಾಗಿ ಬೆಳೆಯಿತು. ಮೂವತ್ತು ವಾಟ್ ಎಲ್ಲಿ, ಎರಡು ಲಕ್ಷ ವಾಟ್ ಎಲ್ಲಿ! ಶಕ್ತಿ ಆರು ಸಾವಿರ ಪಟ್ಟಿಗೂ ಮೇಲೆ ಹೆಚ್ಚಿತು. ಆದರೆ ಅಲೆಯ ಬಲ ಶಕ್ತಿಯ ವರ್ಗಮೂಲಕ್ಕೆ ಅನುಸಾರವಾಗಿ ಮಾತ್ರ ಏರುತ್ತದೆ. ಆದುದರಿಂದ ಕೇಳುಗನ ಮನೆಯ ಹತ್ತಿರ ಅಲೆಯ ಬಲ ಹೆಚ್ಚುವುದು ಸುಮಾರು ಎಂಬತ್ತು ಪಟ್ಟು ಅಷ್ಟೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಅಲೆಯ ಬಲ ಒಂದೂವರೆ ಪಟ್ಟೂ ಆಗುವುದಿಲ್ಲ. ವಿದ್ಯುತ್ತಿನ ವೆಚ್ಚವೋ ಇಮ್ಮಡಿಯಾಗುತ್ತದೆ. ಹೀಗಿರುವಾಗ, ಇರುವ ಶಕ್ತಿಯನ್ನೇ ಬೇಕಾದ ದಿಕ್ಕಿಗೆ ತಿರುಗಿಸುವ ಉಪಾಯವನ್ನು ಮನುಷ್ಯ ಹುಡುಕಿದ್ದು ಸಹಜವೇ.

ಆ ಉಪಾಯ ತತ್ತ್ವದಲ್ಲಿ ಸರಳವಾದದ್ದು. ಮಧ್ಯಮ ತರಂಗದ ಕೇಂದ್ರದಲ್ಲಿ ನಾವು ಕಾಣುವ ಎತ್ತರದ ಕಬ್ಬಿಣದ ಕಂಬವೇ ಏರಿಯಲ್ಲು. ಒಂದೇ ಕಂಬವಿದ್ದರೆ ಅಲೆ ಸುತ್ತಲೂ ಸಮನಾಗಿ ಹಬ್ಬುತ್ತದೆ. ನಕ್ಷೆಯ ಮೇಲೆ ಬರೆದರೆ ದುಂಡಾದ ವೃತ್ತ. ಪಕ್ಕದಲ್ಲಿ ಇನ್ನೊಂದು ಕಂಬವನ್ನು ನಿಲ್ಲಿಸಿ ಅದಕ್ಕೂ ಶಕ್ತಿಯನ್ನು ಹರಿಸಿದರೆ ವೃತ್ತದ ಆಕಾರ ಕೆಡುತ್ತದೆ. 612 ಕಿಲೋಹರ್ಟ್ಸ್‌ನ ಅಲೆಯ ಉದ್ದ ಸುಮಾರು 490 ಮೀಟರು. ಅದರ ಅರ್ಧದಷ್ಟು, ಎಂದರೆ 245 ಮೀಟರು ದೂರದಲ್ಲಿ ಎರಡು ಕಂಬಗಳನ್ನು ನೆಟ್ಟು ಎರಡಕ್ಕೂ ಒಂದೇ ಲಯದಲ್ಲಿ ಶಕ್ತಿ ಕೊಟ್ಟೆವೆನ್ನಿ. ಕಂಬಗಳ ಸಾಲಿಗೆ ಅಡ್ಡಲಾದ ದಿಕ್ಕುಗಳಲ್ಲಿ ಎರಡೂ ಅಲೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದು ಪರಸ್ಪರ ಕೂಡಿಕೊಳ್ಳುತ್ತವೆ. ಸಾಲಿನ ದಿಕ್ಕಿನಲ್ಲಾದರೋ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಕಂಬಗಳ ನಡುವಣ ದೂರವನ್ನೋ ಲಯವನ್ನೋ ಬದಲಿಸಿದರೆ ಒಂದೇ ಕಡೆ ಧ್ವನಿ ಬಲವಾಗಿ, ಅದರ ಹಿಂದುಗಡೆ ನಿಶ್ಶಬ್ದವಾಗುವಂತೆಯೂ ಮಾಡಬಹುದು. ಎಲ್ಲಕ್ಕೂ ಮಿಗಿಲಾಗಿ ನೆನಪಿಡಬೇಕಾದ ಸಂಗತಿಯೆಂದರೆ, ಈ ಆಟದಲ್ಲಿ ಒಂದು ವಾಟ್ ಕೂಡ ಹೊಸದಾಗಿ ಹುಟ್ಟುವುದಿಲ್ಲ. ಒಂದು ಕಡೆಗೆ ಕೊಟ್ಟದ್ದನ್ನು ಇನ್ನೊಂದು ಕಡೆಯಿಂದ ತೆಗೆದೇ ಕೊಡಬೇಕು.

ಇದನ್ನು ನಮ್ಮ ನಕ್ಷೆಯ ಮೇಲೆ ಇಟ್ಟು ನೋಡೋಣ. ಇದು ಕಲ್ಪನೆಯ ಲೆಕ್ಕವೆಂಬುದನ್ನು ವಾಚಕರು ಮರೆಯಬಾರದು. ಬೆಂಗಳೂರಿನಲ್ಲಿ ಅಂಥ ಎರಡು ಕಂಬಗಳನ್ನು ದಕ್ಷಿಣೋತ್ತರವಾಗಿ ನೆಟ್ಟೆವೆಂದುಕೊಳ್ಳಿ. ಪೂರ್ವಕ್ಕೆ ಕೋಲಾರದ ಕಡೆ, ಪಶ್ಚಿಮಕ್ಕೆ ಕುಣಿಗಲಿನ ಕಡೆ ಧ್ವನಿ ಮೊದಲಿಗಿಂತ ಸ್ಫುಟವಾಗಿ ಕೇಳೀತು. ಉತ್ತರದಲ್ಲಿ ಹಿಂದೂಪುರ, ದಕ್ಷಿಣದಲ್ಲಿ ತಳಿ ಎರಡಕ್ಕೂ ಕತ್ತಲೆ ಕವಿದೀತು. ಒಂದು ಆಂಧ್ರಕ್ಕೆ ಸೇರಿದ್ದು, ಇನ್ನೊಂದು ತಮಿಳುನಾಡಿಗೆ ಸೇರಿದ್ದು. ರಾಜ್ಯದ ಅಂಕಿಅಂಶಗಳನ್ನು ಮಾತ್ರ ನೋಡುವ ಅಧಿಕಾರಿಗೆ ಇದರಲ್ಲಿ ನಷ್ಟವೇ ಕಾಣದು, ಲಾಭವೇ ಕಂಡೀತು. ಆದರೆ ಭಾಷೆಯ ಲೆಕ್ಕ ಬೇರೆ. 1956ರ ನವೆಂಬರಿನಲ್ಲಿ ರಾಜ್ಯಗಳ ಎಲ್ಲೆಗಳನ್ನು ಎಳೆದಾಗ ಕನ್ನಡದ ಮನೆಗಳೆಲ್ಲ ಎಲ್ಲೆಯ ಒಳಗೆ ಬಂದು ಕೂರಲಿಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಮಡಕಶಿರ, ಹೊಸೂರುಗಳ ಕನ್ನಡಿಗರು ಹೊರಗುಳಿದರು. ಶಾಲೆಯ ಪಾಠ, ಕಚೇರಿಯ ಕಾಗದ ಬೇರೆ ಭಾಷೆಯಲ್ಲಿ ನಡೆಯುವ ಊರಿನಲ್ಲಿ, ಅಪ್ಪಣೆಯನ್ನು ಕೇಳದೆ ಎಲ್ಲೆಯನ್ನು ದಾಟಿ ಬರುವ ಕನ್ನಡದ ಬೆಲೆಯನ್ನು ಬೆಂಗಳೂರಿನಲ್ಲಿ ಕುಳಿತವರು ಅಳೆಯುವುದು ಕಷ್ಟ.

ದಿಕ್ಕನ್ನು ಬದಲಿಸುವ ಈ ವಿದ್ಯೆ ಹುಟ್ಟಿದ್ದು ದುರುದ್ದೇಶದಿಂದಲ್ಲ. ಹಗಲಿನಲ್ಲಿ ಮಧ್ಯಮ ತರಂಗ ನೆಲವನ್ನು ಹಿಡಿದು ಸಾಗುತ್ತದೆ. ಮೇಲಕ್ಕೆ ಹೋದದ್ದನ್ನು ವಾಯುಮಂಡಲದ ಒಂದು ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗಿ, ಅದಕ್ಕಿಂತ ಮೇಲಿನ ಪದರಗಳಿಂದ ಅಲೆ ಹಿಂದಿರುಗಿ ನೂರಾರು ಮೈಲಿ ದೂರದಲ್ಲಿ ಇಳಿಯುತ್ತದೆ. ಆಗ ಒಂದು ಊರಿನ ಕೇಂದ್ರ ಇನ್ನೊಂದು ಊರಿನ ಕೇಂದ್ರದ ಮಾತಿನಲ್ಲಿ ಬಾಯಿ ಹಾಕುವುದುಂಟು. ಅಮೆರಿಕದ ಫ್ಲಾರಿಡಾದಲ್ಲಿದ್ದ ಒಂದು ಕೇಂದ್ರ ಹೀಗೆಯೇ ದೂರದ ಮಿಲ್ವಾಕಿಯ ಕೇಂದ್ರಕ್ಕೆ ಅಡ್ಡಿಯಾಗುತ್ತಿತ್ತು. 1932ರಲ್ಲಿ ರೇಮಂಡ್ ವಿಲ್ಮಾಟ್ ಎಂಬ ಇಂಜಿನಿಯರು ಎರಡು ಕಂಬಗಳ ಏರಿಯಲ್ಲನ್ನು ರೂಪಿಸಿ ಮಿಲ್ವಾಕಿಯ ದಿಕ್ಕಿಗೆ ಧ್ವನಿ ಹೋಗದಂತೆ ಮಾಡಿ ವ್ಯಾಜ್ಯವನ್ನು ಬಿಡಿಸಿದನು. ಅಂದಿನಿಂದ ಆ ದೇಶದ ಅನೇಕ ಕೇಂದ್ರಗಳು ಹಗಲಿಗೊಂದು ವಿನ್ಯಾಸ, ಇರುಳಿಗೊಂದು ವಿನ್ಯಾಸವನ್ನು ಇಟ್ಟುಕೊಂಡಿವೆ. ಸಂಜೆಯವರೆಗೆ ಕೇಳುತ್ತಿದ್ದ ಕೇಂದ್ರ ಕತ್ತಲಾದೊಡನೆ ಮಾಯವಾಗುವ ಹಳ್ಳಿಗಳು ಅಲ್ಲಿ ಉಂಟು. ಆದರೆ ಅಲ್ಲಿ ದಿಕ್ಕನ್ನು ತಿರುಗಿಸುವ ಕೇಂದ್ರದವರು ಊರೂರು ಸುತ್ತಿ ಅಲೆಯ ಬಲವನ್ನು ಅಳೆದು, ಬರೆದುಕೊಟ್ಟ ವಿನ್ಯಾಸದಂತೆಯೇ ಧ್ವನಿ ಹರಡುತ್ತಿದೆಯೆಂದು ಸರ್ಕಾರಕ್ಕೆ ರುಜುವಾತು ಒಪ್ಪಿಸಬೇಕೆಂಬ ನಿಯಮವನ್ನೂ ಬೆಳೆಸಿದರು. ನೀರುಗಂಟಿಯ ಧರ್ಮವೆಂದರೆ ಇದೇ ಅಲ್ಲವೆ?

ನಮ್ಮ ದೇಶಕ್ಕೂ ಈ ವಿದ್ಯೆ ಹೊಸದಲ್ಲ. ಗುಜರಾತಿನ ರಾಜಕೋಟೆಯಲ್ಲಿ 1,000 ಕಿಲೋವಾಟ್ ಶಕ್ತಿಯ ಕೇಂದ್ರವನ್ನು ಕಟ್ಟಿ ಅದರ ಧ್ವನಿಯನ್ನು ಪಾಕಿಸ್ತಾನದ ಕಡೆಗೆ ತಿರುಗಿಸಿದರು. ಬೆಂಗಳೂರಿನ ಯಲಹಂಕದ ಬಳಿ 1990ರ ದಶಕದಲ್ಲಿ ಒಂದೊಂದೂ 500 ಕಿಲೋವಾಟ್‌ನ ಹ್ರಸ್ವ ತರಂಗದ ಟ್ರಾನ್ಸ್‌ಮಿಟರುಗಳನ್ನು ಸ್ಥಾಪಿಸಿ, ಪರದೆಯಂತೆ ಹರಡಿದ ಏರಿಯಲ್ಲುಗಳಿಂದ ದೂರದೇಶಗಳತ್ತ ಗುರಿಯಿಟ್ಟರು. ಹೊರನಾಡಿನ ಕೇಳುಗನಿಗಾಗಿ ದಿಕ್ಕನ್ನು ಇಷ್ಟು ಶ್ರದ್ಧೆಯಿಂದ ಲೆಕ್ಕಹಾಕಬಲ್ಲ ನಾವು, ತಳಿಯ ಕೇಳುಗನಿಗಾಗಿ ಅದೇ ಶ್ರದ್ಧೆಯನ್ನು ತೋರಿಸಲಾರೆವೆ?

ಈ ಪ್ರಶ್ನೆ ಇಂದು ಏಕೆಂದರೆ, ಕಂಬಗಳನ್ನು ಮುಟ್ಟದೆಯೂ ಪ್ರಸಾರದ ಹರವನ್ನು ಬದಲಿಸುವ ದಾರಿಗಳು ಹುಟ್ಟಿವೆ. ಈಚಿನ ವರ್ಷಗಳಲ್ಲಿ ಪ್ರಸಾರ ಭಾರತಿಯವರು ದೇಶದ ಹಲವೆಡೆ ಹಳೆಯ ಮಧ್ಯಮ ತರಂಗದ ಯಂತ್ರಗಳನ್ನು ನಿಲ್ಲಿಸಿ ಎಫ್.ಎಂ. ಕಡೆಗೆ ವಾಲಿದ್ದಾರೆ. ಎಫ್.ಎಂ. ಧ್ವನಿ ಇಂಪಾದದ್ದು, ನಿಜ. ಆದರೆ ಅದು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುವಂಥದು; ಬೆಟ್ಟ ಅಡ್ಡ ಬಂದರೆ ನಿಲ್ಲುತ್ತದೆ. ನೆಲವನ್ನು ಹಿಡಿದು ಬೆಟ್ಟದ ಮಗ್ಗುಲನ್ನೂ ಬಳಸಿಹೋಗುವ ಮಧ್ಯಮ ತರಂಗದ ಗುಣ ಅದಕ್ಕಿಲ್ಲ. ಇನ್ನೊಂದು ದಾರಿ ಡಿಜಿಟಲ್ ಪ್ರಸಾರದ್ದು. ಒಂದೇ ಯಂತ್ರದ ಶಕ್ತಿಯನ್ನು ಹಳೆಯ ಪ್ರಸಾರವೂ ಹೊಸ ಪ್ರಸಾರವೂ ಹಂಚಿಕೊಂಡಾಗ ಹಳೆಯ ರೇಡಿಯೋ ಇಟ್ಟುಕೊಂಡವನ ಪಾಲು ಕುಗ್ಗುತ್ತದೆ. ಹಳೆಯ ಪ್ರಸಾರ ಅಂಚಿನ ಊರಿನಲ್ಲಿ ಗೊರಗೊರ ಸದ್ದಿನ ನಡುವೆಯಾದರೂ ಮಂದವಾಗಿ ಕೇಳುತ್ತಿತ್ತು. ಡಿಜಿಟಲ್ ಧ್ವನಿಯಾದರೋ ಕೇಳಿದರೆ ಸ್ವಚ್ಛವಾಗಿ ಕೇಳುತ್ತದೆ. ಬಲ ಒಂದು ಮಟ್ಟಕ್ಕಿಂತ ಇಳಿಯಿತೆಂದರೆ ಪೂರ್ತಿಯಾಗಿ ಮೌನ. ಅಂಚಿನಲ್ಲಿರುವವನ ಪಾಲಿಗೆ ಎರಡೂ ಎಲ್ಲೆಯ ಮರುಎಳೆತಗಳೇ.

ಎದುರು ವಾದವನ್ನೂ ಆಲಿಸಬೇಕಾದದ್ದು ನ್ಯಾಯ. ದೊಡ್ಡ ಯಂತ್ರಗಳು ವಿದ್ಯುತ್ತನ್ನು ನುಂಗುತ್ತವೆ. ಕೇಳುವವರು ಕಡಿಮೆಯಾಗಿದ್ದಾರೆ, ಕೈಯಲ್ಲಿ ಮೊಬೈಲು ಇರುವವನಿಗೆ ಕಂಬದ ಹಂಗು ಬೇಡ. ಗೊಟ್ಟಿಗೆರೆಯಂಥ ಕಡೆಯಲ್ಲಂತೂ ಅಲೆ ಬಲವಾಗಿದ್ದರೂ ಕೇಳುವುದು ಕಷ್ಟ. ಎಲ್ಇಡಿ ದೀಪ, ಚಾರ್ಜರು, ಲಿಫ್ಟು, ತಲೆಯ ಮೇಲೆ ಹಾದ ವಿದ್ಯುತ್ ತಂತಿ ಇವೆಲ್ಲ ಎಬ್ಬಿಸುವ ಗದ್ದಲದಲ್ಲಿ ಮಧ್ಯಮ ತರಂಗ ಮುಳುಗಿಹೋಗುತ್ತದೆ. ಇವೆಲ್ಲ ಒಪ್ಪತಕ್ಕ ಮಾತುಗಳು. ಆದರೆ ಇವು ನಗರದ ನ್ಯಾಯ. ನಗರದವನಿಗೆ ಬೇಡವಾದುದನ್ನು ನಿಲ್ಲಿಸಿದಾಗ ಅದನ್ನು ಕಳೆದುಕೊಳ್ಳುವವನು ಕಾಡಂಚಿನ ಹಳ್ಳಿಯವನು. ಅವನಲ್ಲಿ ಗದ್ದಲ ಕಡಿಮೆ. ಮೊಬೈಲಿನ ಅಲೆಯೂ ಎಲ್ಲ ಕಡೆ ಸಿಕ್ಕುವುದಿಲ್ಲ. ಕೆರೆಯ ನೀರು ಮೇಲಿನ ಗದ್ದೆಯವನಿಗೆ ಬೇಡವಾಯಿತೆಂದು ತೂಬನ್ನೇ ಮುಚ್ಚಿಬಿಡುವ ನೀರುಗಂಟಿಯನ್ನು ಯಾವ ಊರೂ ಒಪ್ಪಲಾರದು. ಎಲ್ಲ ಕೇಂದ್ರಗಳನ್ನೂ ಎಂದೆಂದಿಗೂ ಇದ್ದಂತೆಯೇ ಇಡಬೇಕೆಂಬುದು ನಮ್ಮ ವಾದವಲ್ಲ. ಬದಲಾವಣೆ ಬೇಕಾದಾಗ ಆಗಲಿ. ಲೆಕ್ಕ ಮಾತ್ರ ಎಲ್ಲರ ಕಣ್ಣೆದುರಿಗೆ ಆಗಲಿ.

ಅದಕ್ಕೆ ಮಾಡಬೇಕಾದದ್ದು ಹೆಚ್ಚಿನದೇನೂ ಅಲ್ಲ. ಒಂದು ಕೇಂದ್ರದ ಶಕ್ತಿಯನ್ನೋ ದಿಕ್ಕನ್ನೋ ರೀತಿಯನ್ನೋ ಬದಲಿಸುವ ಮುನ್ನ, ಇಂದು ಧ್ವನಿ ಎಲ್ಲಿಯವರೆಗೆ ಕೇಳುತ್ತದೆ, ನಾಳೆ ಎಲ್ಲಿಯವರೆಗೆ ಕೇಳೀತು ಎಂಬ ಎರಡು ನಕ್ಷೆಗಳನ್ನು ಪ್ರಕಟಿಸಬೇಕು. ಹಗಲಿಗೂ ಇರುಳಿಗೂ ಪ್ರತ್ಯೇಕವಾಗಿ. ಆ ನಕ್ಷೆಗಳನ್ನು ಕಚೇರಿಯ ಮೇಜಿನ ಮೇಲೆ ಲೆಕ್ಕದಿಂದ ಮಾತ್ರ ಬರೆಯಬಾರದು. ನಮ್ಮ ಪ್ರಸ್ಥಭೂಮಿಯ ಒಣ ಕಲ್ಲುನೆಲದಲ್ಲಿ ಅಲೆ ಬೇಗ ಸೊರಗುತ್ತದೆ, ತೇವದ ನೆಲದಲ್ಲಿ ದೂರ ಹೋಗುತ್ತದೆ, ಸಮುದ್ರದ ಮೇಲೆ ಇನ್ನೂ ದೂರ. ಆದುದರಿಂದ ಊರೂರಿಗೆ ಅಳತೆಯ ಯಂತ್ರವನ್ನು ಒಯ್ದೇ ನೋಡಬೇಕು. ಆ ಲೆಕ್ಕದಲ್ಲಿ ರಾಜ್ಯದ ಎಲ್ಲೆಯ ಆಚೆಗಿನ ಕನ್ನಡದ ಊರುಗಳೂ ಸೇರಬೇಕು. ಈ ಕೆಲಸದಲ್ಲಿ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೈಜೋಡಿಸಿದರೆ ಅವರಿಗೂ ಪಾಠ, ನಾಡಿಗೂ ಉಪಕಾರ. ಭಾಷೆಯ ಅಭಿಮಾನವನ್ನು ಭಾಷಣದಲ್ಲಿ ಸವೆಸುವುದಕ್ಕಿಂತ, ಒಂದು ರಜೆಯ ದಿನ ತಳಿಯ ರಸ್ತೆಯಲ್ಲಿ ಮೈಲಿಗೊಮ್ಮೆ ನಿಂತು 612ರ ಬಲವನ್ನು ಗುರುತುಹಾಕಿಕೊಂಡು ಬರುವುದು ಹೆಚ್ಚು ಸಾರ್ಥಕವಾದೀತು.

ಸಾಹಿತ್ಯದ ಪುಟದಲ್ಲಿ ಕಂಬ ತಂತಿಗಳ ವಿಚಾರವೇಕೆಂದು ಕೇಳುವವರಿರಬಹುದು. ಪುಸ್ತಕ ಕೊಳ್ಳುವವರಿಗಾಗಿ, ಶಾಲೆಗೆ ಹೋಗುವವರಿಗಾಗಿ ನಾವು ಎಷ್ಟೋ ಯೋಜನೆಗಳನ್ನು ಹೂಡಿದ್ದೇವೆ. ಓದು ಬಾರದವನಿಗೂ ಪುಸ್ತಕ ಸಿಕ್ಕದವನಿಗೂ ನಾಟಕ, ಕೀರ್ತನೆ, ಕೃಷಿಯ ಮಾತು, ಕವಿಯ ಕಂಠ ಇವೆಲ್ಲವನ್ನೂ ತಲುಪಿಸಿದ್ದು ಬಾನುಲಿ. ಆದುದರಿಂದ ಅದರ ಅಲೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಮ್ಮ ಸಾಹಿತ್ಯದ ಒಂದು ಎಲ್ಲೆಯೂ ನಿಲ್ಲುತ್ತದೆ. ಆ ಎಲ್ಲೆಯನ್ನು ಒಳಕ್ಕೆ ಸರಿಸುವ ಅಧಿಕಾರವನ್ನು ಯಾರ ಕೈಗಾದರೂ ಕೊಡೋಣ. ಆದರೆ ಹೊರಗೆ ಉಳಿಯುವವರ ಊರುಗಳ ಹೆಸರನ್ನು ಮೊದಲು ಓದಿ ಹೇಳುವಂತೆ ಅವರನ್ನು ಕೇಳೋಣ.