ಗಿಟಾರಿನ ಜೊತೆ ಷರೀಫಜ್ಜ

ಹಾಲ್ಕುರಿಕೆ ಸೀಮೆಯಲ್ಲಿ ಕಾಯಿ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳಿದ್ದರೇನೇ ಉಂಡೆ ಕೊಬ್ಬರಿ. ಹಳೇ ಪದಗಳಿಗೂ ಹಾಗೇ ಒಂದು ಕಾಲ ಬರುತ್ತೆ, ಸೋದರಿಯರೇ.

ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ರಘು ದೀಕ್ಷಿತ್, ‘ಅಂತರಾಗ್ನಿ’ ತಂಡದ ನಂತರ 2008ರಲ್ಲಿ ತಮ್ಮ ಮೊದಲ ಆಲ್ಬಂ ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ (1819–1889) ಎರಡು ತತ್ವಪದಗಳೂ ಇವೆ, ಗಿಟಾರು, ಡ್ರಮ್ಮಿನ ಅಬ್ಬರದೊಂದಿಗೆ. ಅದರಲ್ಲೊಂದು ಸೋರುವ ಮಾಳಿಗೆಯ ಪದ. ಮಳೆಗಾಲದಲ್ಲಿ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟ ನಮಗೆ ಅದರ ಕಷ್ಟ ಗೊತ್ತು. ಆದರೆ ಅಜ್ಜ ಹೇಳಿದ್ದು ಅಜ್ಞಾನದಿಂದ ಸೋರುವ ಮನಸ್ಸಿನ ಮಾತು.

ಮಕ್ಕಳು ಗದ್ದಲದ ಹಾಡು ಹಾಕಿದರೆಂದು ಗದರುವ ಮುಂಚೆ ಒಂದು ಗಳಿಗೆ ಕಿವಿಗೊಡಿ. ನಿಮ್ಮ ಅಜ್ಜಿ ಹಾಡುತ್ತಿದ್ದ ಪದವೇ ಇದ್ದೀತು! ರಾಗ ಅವರು ಹಿಡಿದಿದ್ದಾರೆ. ಅರ್ಥ ಹೇಳೋಕೆ ನೀವು ಬೇಡವೇ?